ಒಡಪು ಬಾರದ ವರ್ಷ

ಮೊನ್ನೆ ನೆರೆಮನೆಯ ನೀಲವ್ವ ಮಗಳ ಬಾಣಂತನಕ್ಕೆ ತೊಟ್ಟಿಲು ಮಾಡಿಸಲು ಕಲಘಟಗಿಗೆ ಹೊರಟವಳು ನನ್ನನ್ನೂ ಎಳೆದುಕೊಂಡು ಹೋದಳು. “ನೀ ಬಾಜು ನಿಂತರ ಸಾಕು ಶಾಂತಕ್ಕ, ನಿನ್ನ ಬಾಯಿಗೆ ಅಂಜಿ ಒಳ್ಳೇ ಕಟಗಿ ಹಾಕ್ತಾರ” ಅಂದಳು. ಹೆಸರು ಶಾಂತವ್ವ, ಬಾಯಿ ನೋಡಿದರೆ ಹೀಗೆ. ಮಿಶ್ರಿಕೋಟಿಯಲ್ಲಿ ಇದು ಎಲ್ಲರಿಗೂ ಗೊತ್ತು, ನಾನೇನು ಮುಚ್ಚಿಟ್ಟುಕೊಂಡಿಲ್ಲ.

ತೊಟ್ಟಿಲು ಮಾಡುವವರ ಮನೆಯ ಹೊಸ್ತಿಲು ದಾಟಿದ್ದೇ ತಡ, ಬಿಸಿ ಅರಗಿನ ವಾಸನೆ ಮೂಗಿಗೆ ಬಡಿಯಿತು. ಕೆಂಪು ಬಣ್ಣದ ಮೇಲೆ ಅರಗು ಹಚ್ಚಿ, ಕಾಸಿ, ಹೊಳಪು ಬರಿಸುತ್ತಿದ್ದರು. ನಾನು ಅಲ್ಲೇ ಇದ್ದ ಹಲಗೆಯ ಮೇಲೆ ಕೂತುಬಿಟ್ಟೆ. ನೀಲವ್ವ ಗಾಬರಿಯಾದಳು. “ಏನಾತಬೇ ಯಕ್ಕಾ?” “ಏನಿಲ್ಲ, ನೀ ತೊಟ್ಟಿಲ ನೋಡು” ಅಂದೆ. ಈ ವಾಸನೆ ಹಿಂದೊಮ್ಮೆ ನನ್ನ ಮೂಗಿಗೆ ಬಂದಾಗ ನಮ್ಮನೆಯವರು ನನ್ನ ಪಕ್ಕದಲ್ಲಿ ನಿಂತು, ಹೆಂಡತಿಯ ತಲೆಯಿಂದ ತಾನು ಅಳಿಸಿಹೋದೆ ಎಂದು ತಿಳಿದುಕೊಂಡಿದ್ದರು. ಅದನ್ನು ಅವಳಿಗೆ ಅಲ್ಲಿ ನಿಂತು ಹೇಗೆ ಹೇಳಲಿ?

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆ, ಬಸುರಿಗೆ ಮಾಡುವ ಕುಬಸ, ಹೆಸರಿಡುವ ದಿನ, ಎಲ್ಲೇ ಹೋದರೂ ಬಾಗಿಲಿಗೆ ಅಡ್ಡ ನಿಂತು “ಹೆಸರ ಹೇಳು, ಒಳಗ ಬಾ” ಎಂದು ಕಾಡುತ್ತಾರೆ. ಆಗ ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಒಡಪಿನಲ್ಲಿ ನನ್ನನ್ನು ಮೀರಿಸುವವರು ನಮ್ಮೂರಲ್ಲಿ ಇರಲಿಲ್ಲ. ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳುತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ ಹುಡುಗ ಯಜಮಾನರ ಹೆಸರು ಕೇಳಿದಾಗ, “ಬೆರಳ ಒತ್ತಿದ್ರ ಮಷೀನ ಅಂತೈತಿ ಅಲ್ಲ” ಎಂದು ಶುರು ಮಾಡಿ, ಅವರ ಹೆಸರು ಹಾಕಿ, “ಇವರನ್ನ ಬಿಟ್ಟರ ನನಗ ಬ್ಯಾರೆ ಗುರ್ತ ಇಲ್ಲ” ಎಂದು ಮುಗಿಸಿದ್ದೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕು ನಕ್ಕು ಸುಸ್ತಾದರು. ನಮ್ಮನೆಯವರು ಮಾತ್ರ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಹೋಗಿದ್ದರು. ಮಾತು ಕಡಿಮೆಯ ಮನುಷ್ಯ. ಆದರೆ ನನ್ನ ಒಡಪು ಕೇಳಲಿಕ್ಕೆಂದೇ ಬಾಗಿಲ ಮರೆಗೆ ನಿಲ್ಲುತ್ತಿದ್ದರು, ಅದು ನನಗೆ ಗೊತ್ತಿತ್ತು.

ನನ್ನ ನೆಗೆಣ್ಣಿ ಕಾಶಕ್ಕ, ಅಂದರೆ ನಮ್ಮ ಭಾವನವರ ಹೆಂಡತಿ, ಮದುವೆಯಾದಾಗಿನಿಂದ ಒಂದೇ ಒಡಪು ಹೇಳುತ್ತಾಳೆ. ಬಿಸಿ ಹೋಳಿಗೆ, ತುಪ್ಪ, ಕೊನೆಗೆ ಕಲ್ಲಪ್ಪ. ನಮ್ಮ ಕಡೆ ಗಂಡಸರ ಹೆಸರೆಲ್ಲ ‘ಅಪ್ಪ’ ಎಂದೇ ಮುಗಿಯುವುದರಿಂದ ಒಡಪು ಬಾರದವರಿಗೆ ತುಪ್ಪವೇ ದಿಕ್ಕು. “ಯಕ್ಕಾ, ನಿನ್ನ ತುಪ್ಪದ ಡಬ್ಬಿ ಇನ್ನೂ ಖಾಲಿ ಆಗಿಲ್ಲೇನಬೇ?” ಎಂದು ನಾನು ಪ್ರತಿ ಸಲ ಛೇಡಿಸುತ್ತಿದ್ದೆ. ಅವಳೂ ನಗುತ್ತಿದ್ದಳು.

ಆ ವರ್ಷ ಯುಗಾದಿ ಕಳೆದ ಮೇಲೆ ನನಗೆ ಏನೋ ಆಯಿತು. ಏನು ಆಯಿತು ಎಂದು ಕೇಳಿದರೆ ಹೇಳಲು ಒಂದು ಕಾರಣ ಬೇಕಲ್ಲ, ಅದೇ ಇರಲಿಲ್ಲ. ಮಗಳು ಸುಜಾತಾ ಕುಂದಗೋಳದ ಕಡೆ ಒಳ್ಳೆಯ ಮನೆ ಸೇರಿದ್ದಳು, ಬಸುರಿಯಾಗಿದ್ದಳು. ಮನೆಯಲ್ಲಿ ಎಮ್ಮೆ ಹಾಲು ಕೊಡುತ್ತಿತ್ತು. ಆದರೂ ಬೆಳಿಗ್ಗೆ ಎದ್ದು ಕೂರುವುದೇ ಒಂದು ದೊಡ್ಡ ಕೆಲಸವಾಯಿತು. ಮೊಸರು ಕಡೆಯಲು ಕೂತವಳು ಕಡಗೋಲು ಹಿಡಿದು ಹಾಗೇ ಕೂತಿರುತ್ತಿದ್ದೆ. ತಲೆ ಬಾಚಿಕೊಳ್ಳಲಿಲ್ಲ. ಅನ್ನ ಬಾಯಿಗೆ ಮಣ್ಣಿನ ಹಾಗೆ. ನಿದ್ದೆ ಅಂತೂ ಬಿಟ್ಟೇ ಹೋಯಿತು. ಬಂದವರೆಲ್ಲ ಒಂದೇ ಮಾತು: “ಏನ ಕಡಿಮಿ ಆಗೇತಿಬೇ ನಿನಗ?” ಕಡಿಮೆ ಏನೂ ಆಗಿರಲಿಲ್ಲ. ಅದಕ್ಕೇ ಇನ್ನಷ್ಟು ನಾಚಿಕೆ ಆಗುತ್ತಿತ್ತು. ಕಾಶಕ್ಕ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು, ತೋಳಿಗೆ ತಾಯಿತ ಕಟ್ಟಿಸಿದಳು. ಪಾಪ, ಅವಳಿಗೆ ತಿಳಿದದ್ದನ್ನೆಲ್ಲ ಮಾಡಿದಳು.

ಕೊನೆಗೆ ಸುಜಾತಾ ಬಂದು ನನ್ನ ಅವತಾರ ನೋಡಿ ಅತ್ತಳು. “ಇದು ದೃಷ್ಟಿ ಅಲ್ಲ ಯಪ್ಪಾ. ಹುಬ್ಬಳ್ಳಿಗೆ ಹೋಗೂಣು, ಮನಸ್ಸಿನ ಡಾಕ್ಟರ್ ಅದಾರ” ಎಂದು ಅಪ್ಪನಿಗೆ ಹೇಳಿದಳು. ಹುಚ್ಚರ ಡಾಕ್ಟರೇ ಎಂದು ಓಣಿಯಲ್ಲಿ ಗುಸುಗುಸು ಆಯಿತು. ನಮ್ಮನೆಯವರು ಯಾರಿಗೂ ಉತ್ತರ ಕೊಡದೆ ನನ್ನನ್ನು ಬಸ್ಸು ಹತ್ತಿಸಿದರು.

ಅಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಮಾತು ಬೆಂಗಳೂರಿನ ಕಡೆಯದು. ತುಂಬ ಹೊತ್ತು ಕೇಳಿಸಿಕೊಂಡರು. “ಇದು ಕಾಯಿಲೆ, ನಿಮ್ಮ ಸೋಮಾರಿತನ ಅಲ್ಲ” ಅಂದರು. ಆ ಒಂದು ಮಾತಿಗೆ ನಾನು ಅವರೆದುರು ಗಳಗಳ ಅತ್ತುಬಿಟ್ಟೆ. ರಾತ್ರಿ ಮಲಗುವ ಮುಂಚೆ ನುಂಗಲು ಒಂದು ಗುಳಿಗೆ ಬರೆದುಕೊಟ್ಟರು.

ಮುಂಗಾರಿನ ಮಿರಗದ ಮಳೆ ಹಿಡಿದಿತ್ತು. ಊರೆಲ್ಲ ಭತ್ತ ಬಿತ್ತುವ ಗಡಿಬಿಡಿಯಲ್ಲಿದ್ದರೆ ನಾನು ನಿದ್ದೆ ಮಾಡಿದೆ. ಎಂಥ ನಿದ್ದೆ ಅಂತೀರಿ! ಬಂಗಾರದಂಥ ನಿದ್ದೆ. ಕೆಲವು ವಾರಗಳಲ್ಲಿ ಹಸಿವು ಮರಳಿತು, ಎಣ್ಣೆ ಹಚ್ಚಿ ತಲೆ ತೊಳೆದುಕೊಂಡೆ, ಎಮ್ಮೆಯ ಹತ್ತಿರ ಹೋಗಿ ಮೈ ಸವರಿದೆ. ಗುಳಿಗೆ ನನಗೆ ಒಳ್ಳೆಯದು ಮಾಡಿತು. ಮುಂದೆ ಹೇಳುವುದನ್ನು ಕೇಳಿ ಯಾರೂ ಇದನ್ನು ಮರೆಯಬಾರದು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಆದರೆ ಬಾಯಿ ಸದಾ ಒಣಗುತ್ತಿತ್ತು. ಬಾಯಿಯ ಜೊತೆ ಮಾತೂ ಒಣಗಿತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ಮತ್ತೆ ಹಾಕುತ್ತಿದ್ದೆ. ಹಾಲು ಒಲೆಯ ಮೇಲಿಟ್ಟು ಅಂಗಳದಲ್ಲಿ ನಿಂತಿರುತ್ತಿದ್ದೆ. ಸುಜಾತಾ ಫೋನಿನಲ್ಲಿ ಹೇಳಿದ್ದು ಸಂಜೆಗೆ ನೆನಪಿರುತ್ತಿರಲಿಲ್ಲ. ಜರಡಿ ಬೇಕಾದಾಗ ಅದರ ಹೆಸರು ಬಾರದೆ, “ಅದು, ಅದರಿ, ಹಿಟ್ಟ ಹಾಕಿ ಅಲ್ಲಾಡಸ್ತಾರಲ್ಲ” ಎಂದು ಕೈ ಆಡಿಸುತ್ತಿದ್ದೆ. ನಮ್ಮನೆಯವರು ಮೊದಮೊದಲು ನಕ್ಕರು. ಆಮೇಲೆ ನಗುವುದು ಬಿಟ್ಟರು.

ಶ್ರಾವಣದಲ್ಲಿ ಸುಜಾತಾಳ ಕುಬಸ ನಮ್ಮ ಮನೆಯಲ್ಲೇ ಆಯಿತು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವ ಸಂಭ್ರಮ. ಹೆಂಗಸರು ಸೇರಿದ್ದೇ ನನ್ನ ಒಡಪು ಕೇಳಲು. ಪಡಸಾಲೆಯ ಬಾಗಿಲಲ್ಲಿ ನನ್ನನ್ನು ತಡೆದರು. ನಾನು ಬಾಯಿ ತೆರೆದೆ. ಒಳಗೆ ಕೈಹಾಕಿದರೆ ಏನೂ ಸಿಗಲಿಲ್ಲ. ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿದೆ ಎಂದು ಇಳಿದವರಿಗೆ ಬರಿ ನೆಲ ತಗುಲಿದ ಹಾಗೆ. ನಾನು ಆಟ ಆಡಿಸುತ್ತಿದ್ದೇನೆ ಎಂದುಕೊಂಡು ಅವರು ನಕ್ಕರು. ಆಮೇಲೆ ಒಬ್ಬೊಬ್ಬರೇ ನನ್ನ ಮುಖ ನೋಡತೊಡಗಿದರು. ಕಾಶಕ್ಕ ಪಟ್ಟನೆ ನನ್ನ ಕೈ ಹಿಡಿದು, “ನಾ ಹೇಳ್ತೀನಿ ತಡೀರಿ” ಎಂದು ತನ್ನ ತುಪ್ಪದ ಒಡಪು ಹೇಳಿ ನನ್ನನ್ನು ಒಳಗೆ ಎಳೆದುಕೊಂಡಳು. ಅಡುಗೆಮನೆಯಲ್ಲಿ ಅವಳು ಕಿವಿಯಲ್ಲಿ ಅಂದಳು, “ಆ ಗುಳಿಗಿ ನಿನ್ನ ತಲಿ ತಿನ್ನಾಕ ಹತ್ತೇತಿ ಶಾಂತಾ.” ಬಾಗಿಲ ಮರೆಯಲ್ಲಿ ನಮ್ಮನೆಯವರು ನಿಂತಿದ್ದರು. ಅವರಿಗೂ ಕೇಳಿಸಿತು.

ಮುಂದಿನ ವಾರವೇ ಹುಬ್ಬಳ್ಳಿಗೆ ಹೋದೆವು. ಮರೆವಿನ ವಿಷಯ ಹೇಳಿದಾಗ ಡಾಕ್ಟರಮ್ಮ ಒಂದಿಷ್ಟು ಪ್ರಶ್ನೆ ಕೇಳಿದರು. ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂದಿರಿ, ಹೋದ ತಿಂಗಳು ಯಾವ ಹಬ್ಬ. ಕೆಲವಕ್ಕೆ ಉತ್ತರ ಸಿಕ್ಕಿತು, ಕೆಲವಕ್ಕೆ ಇಲ್ಲ. ಆಮೇಲೆ, “ನಿಮ್ಮ ಯಜಮಾನರ ಹೆಸರೇನಮ್ಮ?” ಅಂದರು.

ಹೆಸರು ನಾಲಿಗೆಯ ಹಿಂದೆಯೇ ಇತ್ತು. ಆದರೆ ಅದನ್ನು ಕೂರಿಸಲು ಎರಡು ಸಾಲು ಬೇಕಲ್ಲ? ಹುಡುಕಿದೆ. ಮಳೆ, ಬಸ್ಸು, ದವಾಖಾನೆ, ಯಾವುದನ್ನು ಹಿಡಿದರೂ ಪ್ರಾಸ ಜೊತೆಗೆ ಬರಲಿಲ್ಲ. ಸೆರಗಿನ ತುದಿ ಹಿಡಿದು ತಲೆ ತಗ್ಗಿಸಿ ಕೂತೆ. ಡಾಕ್ಟರಮ್ಮ ಕಾದರು. ಪಕ್ಕದ ಕುರ್ಚಿಯಲ್ಲಿ ನಮ್ಮನೆಯವರೂ ಕಾದರು. ಕೊನೆಗೆ ಅವರೇ ಸಣ್ಣ ದನಿಯಲ್ಲಿ ತಮ್ಮ ಹೆಸರು ಹೇಳಿದರು. ಡಾಕ್ಟರಮ್ಮ ಏನೋ ಬರೆದುಕೊಂಡು, “ಮಾತ್ರೆಯಿಂದಲೂ ಹೀಗೆ ಆಗಬಹುದು, ಬದಲಾಯಿಸೋಣ. ಇದನ್ನ ನಿಧಾನವಾಗಿ ಕಡಿಮೆ ಮಾಡಬೇಕು, ಒಮ್ಮೆಲೇ ನಿಲ್ಲಿಸಬೇಡಿ” ಎಂದು ಕಡಿಮೆ ಮಾಡುವ ರೀತಿ ವಿವರಿಸಿ, ಮತ್ತೆ ಬರಲು ಹೇಳಿದರಂತೆ. ಹೇಳಿದರಂತೆ ಎನ್ನುತ್ತೇನೆ, ಏಕೆಂದರೆ ನನ್ನ ತಲೆಯಲ್ಲಿ ಅದು ಉಳಿಯಲಿಲ್ಲ. ನಮ್ಮನೆಯವರ ತಲೆಯಲ್ಲಿ ‘ಮಾತ್ರೆಯಿಂದ’ ಎಂಬುದೊಂದು ಬಿಟ್ಟು ಬೇರೇನೂ ಇಳಿಯಲಿಲ್ಲ.

ಅಲ್ಲಿಂದ ನೇರ ಕಲಘಟಗಿ ಬಸ್ಸು ಹತ್ತಿ, ತೊಟ್ಟಿಲು ಮಾಡಲು ಹೇಳಿ ಬರೋಣವೆಂದು ಹೋದೆವು. ಇದೇ ಮನೆ, ಇದೇ ಅರಗಿನ ವಾಸನೆ. ತೊಟ್ಟಿಲು ಮಾಡುವ ಮುದುಕಪ್ಪ ನನ್ನ ಕಡೆ ತಿರುಗಿ, “ಯಾರ ಹೆಸರಿಗೆ ಬರಕೊಳ್ಳಲಿಬೇ ತಂಗಿ, ನಿಮ್ಮ ಯಜಮಾನರ ಹೆಸರೇನ?” ಅಂದರು. ನಾನು ಮತ್ತೆ ಸುಮ್ಮನೆ ನಿಂತೆ. ನಮ್ಮನೆಯವರು ನನ್ನ ಮುಖವನ್ನು ನೋಡಿದ ಬಗೆ ಇನ್ನೂ ಕಣ್ಣಮುಂದೆ ಇದೆ. ಆ ವರ್ಷದಲ್ಲಿ ಎಷ್ಟೋ ಅಳಿಸಿಹೋಗಿದೆ, ಇದು ಮಾತ್ರ ಹೋಗಿಲ್ಲ.

ಮನೆಗೆ ಬಂದ ಮೇಲೆ ಅವರು, “ಡಾಕ್ಟರ್ ಗುಳಿಗಿ ಸಾಕು ಅಂದಾರ” ಅಂದರು. ಹೌದೇನೋ ಎಂದುಕೊಂಡೆ. ಅಲ್ಲ ಎನ್ನಲು ನನಗೆ ನೆನಪಾದರೂ ಎಲ್ಲಿತ್ತು?

ಮೊದಲ ಎರಡು ದಿನ ಬಾಯಲ್ಲಿ ನೀರೂರಿತು, ಜರಡಿಯನ್ನು ಜರಡಿ ಎಂದು ಕರೆದೆ. ನಮ್ಮನೆಯವರ ಮುಖ ಅರಳಿತು. ಆಮೇಲೆ ಶುರುವಾಯಿತು. ಹೊಟ್ಟೆ ತೊಳಸು, ಮೈಯೆಲ್ಲ ಬೆವರು, ತಲೆ ತಿರುಗಿಸಿದರೆ ಒಳಗೆ ಚುರ್ ಎಂದು ಕರೆಂಟು ಹೊಡೆದ ಹಾಗೆ. ನಿದ್ದೆ ಮತ್ತೆ ಓಡಿಹೋಯಿತು. ಗಣಪತಿ ಹಬ್ಬ ಬಂದು ಹೋಗುವ ಹೊತ್ತಿಗೆ ಯುಗಾದಿಯ ನಂತರ ಬಂದಿದ್ದ ಆ ಕತ್ತಲೆ ಮರಳಿ ಬಂದಿತ್ತು, ಈ ಸಲ ಎರಡು ಪಟ್ಟು.

ಉತ್ತರಿ ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ನಮ್ಮನೆಯವರು ಹೊಲದಿಂದ ಬಂದು ತಲೆ ಮೇಲಿನ ಗೊಬ್ಬರ ಚೀಲದ ಕೊಪ್ಪೆ ತೆಗೆಯುತ್ತಿದ್ದರು. ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟೆ. “ನನಗ ಸಾಕಾಗೇತ್ರಿ. ಇರೂದ ಬ್ಯಾಡ ಅನಸ್ತೈತಿ.”

ಅವರು ನೀರು ಸುರಿಯುತ್ತಿದ್ದ ಮೈಯಲ್ಲೇ ನನ್ನ ಮುಂದೆ ಕುಸಿದು ಕೂತರು. ಹಣೆ ಹಣೆ ಬಡಿದುಕೊಂಡರು. “ನಾನ ಮಾಡಿದ್ದಿದು. ಡಾಕ್ಟರ್ ಗುಳಿಗಿ ಬಂದ್ ಮಾಡು ಅಂದಿಲ್ಲ. ನಾನ ಅವನ್ನ ತಗೊಂಡ ಹೋಗಿ ಹಳ್ಳಕ್ಕ ಒಗದೆ.”

“ಯಾಕ್ರಿ?”

“ನೀ ನನ್ನ ಹೆಸರ ಮರ್ತಿದ್ದೆಲ್ಲಬೇ! ಮೂವತ್ತ ವರ್ಷದಾಗ ಯಾರ ಕೇಳಿದ್ರೂ ನೀ ತಡದಾಕಿ ಅಲ್ಲ. ದವಾಖಾನ್ಯಾಗ ಕೇಳಿದ್ರ ಇಲ್ಲ, ತೊಟ್ಟಿಲ ಮನ್ಯಾಗ ಕೇಳಿದ್ರ ಇಲ್ಲ. ಇನ್ನಷ್ಟ ದಿನ ಅದನ್ನ ತಿಂದ್ರ ನನ್ನ ಮಾರಿನೂ ಮರೀತೀ ಅಂತ ಅಂಜಿಕಿ ಬಂತು.” ಎಂದವರೇ ಮಗುವಿನ ಹಾಗೆ ಅತ್ತರು. ಆ ಮನುಷ್ಯ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ನನಗೆ ಸಿಟ್ಟು ಬಂತು. ವಾರಗಟ್ಟಲೆ ಏನೂ ಅನ್ನಿಸದೆ ಕಲ್ಲಾಗಿದ್ದವಳಿಗೆ ಸಿಟ್ಟು ಬಂತು! “ಥೂ ನಿಮ್ಮ! ಗಂಡನ ಹೆಸರ ಯಾರರ ಮರೀತಾರೇನ್ರಿ? ನನಗ ಒಡಪ ಬರಲಿಲ್ಲ. ಆ ಡಾಕ್ಟರ್ ಮುಂದ ಒಡಪ ಇಲ್ದ ಹೆಂಗ ಹೇಳಲಿ?”

ಅವರು ಕಣ್ಣು ಒರೆಸಿಕೊಂಡು ನೋಡಿದರು. “ಹಂಗಾರ ಈಗ ಹೇಳು. ಇಲ್ಲಿ ಯಾರ ಅದಾರ?”

“ಇಲ್ಲ. ನಿಮ್ಮ ಹೆಸರನ್ನ ಬರಿಮೈಲೆ ಹೊರಗ ಕಳಸೂದಿಲ್ಲ ನಾ” ಅಂದೆ.

ಅವರು ಮತ್ತೆ ಕೇಳಲಿಲ್ಲ. ಆದರೆ ಅನುಮಾನ ಹೋಗಿರಲಿಲ್ಲ, ಕಣ್ಣಲ್ಲೇ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಅನುಮಾನ ನನಗೂ ಇತ್ತು. ಹೆಸರು ಒಳಗಿದೆ ಎಂದು ಗೊತ್ತು. ಬಾಯಿ ತೆರೆದಾಗ ಬಾರದೇ ಹೋದರೆ? ಹಟ ಮಾಡಿದ್ದರಲ್ಲಿ ಅರ್ಧ ಅಂಜಿಕೆಯೇ ಇತ್ತು.

ಮರುದಿನವೇ ಹುಬ್ಬಳ್ಳಿಯಲ್ಲಿದ್ದೆವು. ನಡೆದದ್ದನ್ನೆಲ್ಲ ಕೇಳಿ ಡಾಕ್ಟರಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಅಯ್ಯೋ, ಹೆಸರು ಹೇಳೋ ಹಾಗಿಲ್ಲ ಅನ್ನೋದು ನನಗೆ ಹೊಳೀಲೇ ಇಲ್ಲಮ್ಮ. ನಾನೂ ನಿಮಗೆ ಮರೆತಿದೆ ಅಂತಲೇ ಬರೆದುಕೊಂಡೆ” ಎಂದು ನನ್ನ ಕೈ ಹಿಡಿದರು. ಇರುವುದೇ ಬೇಡ ಎನ್ನಿಸಿದ್ದನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡು, ನನ್ನೊಬ್ಬಳನ್ನೇ ಬಿಡಬಾರದೆಂದು ನಮ್ಮನೆಯವರಿಗೆ ತಾಕೀತು ಮಾಡಿದರು.

“ಮರೆವು ಗುಳಿಗಿದೋ, ನನ್ನ ತಲಿದೋ ಹೇಳ್ರಿ” ಎಂದು ಕೇಳಿದೆ.

“ಈ ಕಾಯಿಲೆಯೇ ಮರೆವು ತರುತ್ತೆ. ಕೆಲವರಿಗೆ ಮಾತ್ರೆಯೂ ತರುತ್ತೆ, ಅದರಲ್ಲೂ ನಾನು ಕೊಟ್ಟಿದ್ದಂಥದ್ದು. ನಿಮ್ಮಲ್ಲಿ ಯಾವುದರ ಪಾಲು ಎಷ್ಟು ಅಂತ ತೂಗಿ ಹೇಳೋಕೆ ನನಗೆ ಬರಲ್ಲ. ಬೇರೆ ಮಾತ್ರೆ ಸ್ವಲ್ಪಸ್ವಲ್ಪ ಶುರು ಮಾಡೋಣ. ಏನೇ ತೊಂದರೆ ಆದರೂ ನನಗೆ ಫೋನ್ ಮಾಡಿ, ಹಳ್ಳಕ್ಕೆ ಹಾಕಬೇಡಿ.” ಕೊನೆಯ ಮಾತು ನಮ್ಮನೆಯವರನ್ನು ನೋಡಿ ಹೇಳಿದರು. “ಹೌದ್ರಿ, ತಪ್ಪಾತ್ರಿ” ಎಂದು ಅವರು ಟವೆಲ್ಲು ಹಿಂಡಿದರು.

ಗೊತ್ತಿಲ್ಲ ಎಂದು ಒಪ್ಪಿಕೊಂಡ ಆ ಡಾಕ್ಟರಮ್ಮನ ಮೇಲೆ ನನಗೆ ಅವತ್ತಿನಿಂದಲೇ ನಂಬಿಕೆ ಹುಟ್ಟಿತು.

ಹೊಸ ಗುಳಿಗೆ ಬೆಳಗಿನದು. ಮೊದಮೊದಲು ಹೊಟ್ಟೆ ಕೆಟ್ಟಿತು, ಕೈ ನಡುಗಿತು. ಕಾಶಕ್ಕ ಹಗಲೆಲ್ಲ ನನ್ನ ಹತ್ತಿರವೇ ಕೂತು ಬತ್ತಿ ಹೊಸೆದಳು. ಚಿತ್ತಿ ಮಳೆಯ ಹೊತ್ತಿಗೆ ಕತ್ತಲೆ ಸರಿಯಿತು, ದೀಪಾವಳಿಗೆ ನಾನೇ ಕರಿದ ಕಡಬು ಮಾಡಿದೆ. ಮಾತುಗಳು ಒಂದೊಂದಾಗಿ ಮನೆಗೆ ಬಂದವು. ಎಲ್ಲವೂ ಬರಲಿಲ್ಲ. ಆ ವರ್ಷ ಬಿತ್ತಿದ್ದು, ಕಳೆ ತೆಗೆದದ್ದು ನನಗೆ ಇವತ್ತಿಗೂ ನೆನಪಿಲ್ಲ. ಸುಜಾತಾಳ ಕುಬಸದ ಸೀರೆಯ ಅಂಚಿನ ಬಣ್ಣ ಅವಳನ್ನೇ ಕೇಳಿ ತಿಳಿದದ್ದು. ಹೋದದ್ದು ಹೋಯಿತು.

ದೀಪಾವಳಿ ಮುಗಿಯುತ್ತಲೇ ಸುಜಾತಾ ಹೆತ್ತಳು, ಹೆಣ್ಣುಮಗು. ನಮ್ಮನೆಯವರು ಟಂಟಂ ಗಾಡಿಯಲ್ಲಿ ತೊಟ್ಟಿಲು ತಂದರು. ಹೆಸರಿಡುವ ದಿನ ಅರಗಿನ ವಾಸನೆ ಪಡಸಾಲೆಯನ್ನೆಲ್ಲ ತುಂಬಿತ್ತು. ಭತ್ತದ ಕೊಯ್ಲು ನಡೆದಿದ್ದರೂ ಹೆಂಗಸರೆಲ್ಲ ಬಂದಿದ್ದರು. ಕುಬಸದ ದಿನ ಆದದ್ದು ಎಲ್ಲರಿಗೂ ಗೊತ್ತಿದ್ದರಿಂದ ಈ ಸಲ ಯಾರೂ ನನ್ನನ್ನು ಬಾಗಿಲಲ್ಲಿ ತಡೆಯಲಿಲ್ಲ. ದಾರಿ ಬಿಟ್ಟು ಸರಿದು ನಿಂತರು. ಅದರಿಂದ ನನಗೆ ಎಷ್ಟು ನೋವಾಯಿತು ಅಂತೀರಿ! ತಡೆದು ಕಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಾನೇ ಹೊಸ್ತಿಲ ಮುಂದೆ ನಿಂತೆ. “ಯಾಕ್ರವ್ವಾ, ನನ್ನ ಕೇಳೂದಿಲ್ಲೇನ?” ಅಂದೆ.

ಹೆಂಗಸರು ಮತ್ತೆ ಬಾಗಿಲಿಗೆ ಬಂದು ನಿಂತರು. ಹೊರಗೆ ಕಟ್ಟೆಯ ಮೇಲಿದ್ದ ಗಂಡಸರೂ ಈ ಕಡೆ ತಿರುಗಿದರು. ಒಳಗೆ ಹುಡುಕಿದೆ. ದೊಡ್ಡ ಒಡಪು ಯಾವುದೂ ಇರಲಿಲ್ಲ. ತೊಟ್ಟಿಲಿನ ಮೇಲೆ ಬರೆದಿದ್ದ ಗಿಳಿಗೆ ಪ್ರಾಸ ಸಿಗಲಿಲ್ಲ, ಮೊಮ್ಮಗಳಿಗೂ ಸಿಗಲಿಲ್ಲ. ಅಡುಗೆಮನೆಯಿಂದ ಹೋಳಿಗೆ ಬೇಯುವ ವಾಸನೆ ಬಂತು. ಸಿಕ್ಕಿದ್ದನ್ನೇ ಹಿಡಿದೆ.

“ಬಿಸಿ ಹೋಳಿಗಿ ಮ್ಯಾಲ ಬಿಟ್ಟೀನಿ ತುಪ್ಪ,
ನಮ್ಮನಿಯವರ ಹೆಸರ ಈರಪ್ಪ.”

ಕಾಶಕ್ಕ ಎರಡೂ ಕೈ ಎತ್ತಿ ಕೂಗಿದಳು, “ನನ್ನ ತುಪ್ಪ ಕದ್ದೀಯಲ್ಲಬೇ ಕಳ್ಳಿ!” ಹೆಂಗಸರೆಲ್ಲ ಹೋ ಎಂದು ನಕ್ಕರು. ಅವಳು ನನ್ನನ್ನು ತಬ್ಬಿಕೊಂಡು ಅಳುತ್ತ ನಗುತ್ತ ಒಳಗೆ ಕರೆದುಕೊಂಡಳು. ಬಾಗಿಲ ಮರೆಯಲ್ಲಿ ನೋಡಿದೆ. ನಮ್ಮನೆಯವರು ಗೋಡೆಗೆ ಹಣೆ ಹಚ್ಚಿ ನಿಂತಿದ್ದರು, ಟವೆಲ್ಲು ಮುಖದ ಮೇಲಿತ್ತು.

ನೀಲವ್ವನ ತೊಟ್ಟಿಲು ಗೊತ್ತು ಮಾಡಿ ಮೊನ್ನೆ ಸಂಜೆಗೆ ಮನೆ ಸೇರಿದೆವು. ನನ್ನ ಗುಳಿಗೆ ಇನ್ನೂ ನಡೆದಿದೆ, ಡಾಕ್ಟರಮ್ಮ ಪ್ರಮಾಣ ತುಸು ಇಳಿಸಿದ್ದಾರೆ. ದಿನಾ ಚಹಾ ಆದ ಮೇಲೆ ಅದನ್ನು ಕೊಡುವ ಕೆಲಸ ನಮ್ಮನೆಯವರದು. ಗುಳಿಗೆ ನನ್ನ ಕೈಗಿಟ್ಟು, ನೀರಿನ ತಂಬಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಳ್ಳುತ್ತಾರೆ. “ಹೆಸರ ಹೇಳು, ನೀರ ತಗೋ.” ನಾನು ಎಮ್ಮೆಯದೋ, ಮಳೆಯದೋ, ಅವರ ಹರಿದ ಟವೆಲ್ಲಿನದೋ ಒಂದು ಒಡಪು ಕಟ್ಟಿ ನೀರು ಗಿಟ್ಟಿಸುತ್ತೇನೆ. ಮಾತು ಕಡಿಮೆಯ ಮನುಷ್ಯ ಎಂದೆನಲ್ಲ, ಈ ಒಂದು ಆಟ ಮಾತ್ರ ಬಿಡುವುದಿಲ್ಲ.

ಕಲಘಟಗಿಗೆ ಹೋಗಿ ಬಂದ ಮರುದಿನವೂ ಹಾಗೇ ತಂಬಿಗೆ ಬೆನ್ನ ಹಿಂದೆ ಹೋಯಿತು. ಗುಳಿಗೆ ಆಗಲೇ ಬಾಯಲ್ಲಿತ್ತು. ಒಡಪು ಬರಲಿಲ್ಲ. ಈಗಲೂ ಕೆಲವು ದಿನ ಹೀಗೆ ಆಗುತ್ತದೆ, ಗುಳಿಗೆಗೋ ವಯಸ್ಸಿಗೋ ಯಾರು ಬಲ್ಲರು. ತುಪ್ಪವೂ ಹೊಳೆಯಲಿಲ್ಲ. ನಾಲಿಗೆಯ ಮೇಲೆ ಕಹಿ ಕರಗುತ್ತಿತ್ತು. ಅವರ ಮುಖದ ನಗು ಸ್ವಲ್ಪಸ್ವಲ್ಪವೇ ಇಳಿದು, ತೊಟ್ಟಿಲ ಮನೆಯಲ್ಲಿ ಅಂದು ಕಂಡಿದ್ದ ಅಂಜಿಕೆ ಕಣ್ಣಿಗೆ ಬರತೊಡಗಿತು. ಅದನ್ನು ನೋಡುತ್ತ ನಿಲ್ಲುವುದು ನನ್ನಿಂದಾಗಲಿಲ್ಲ.

“ಈರಪ್ಪ,” ಅಂದೆ, “ನೀರ ಕೊಡ್ರಿ.”

ಅವರು ತಂಬಿಗೆ ಚಾಚಿದರು. ಅರ್ಧ ನೀರು ನನ್ನ ಸೀರೆಯ ಮೇಲೆಯೇ ಚೆಲ್ಲಿತು.